ಸವಾಲಿನ ಹಾಡು, ಹೆಸರಿನ ಹಕ್ಕು: ಹರದೇಶಿ–ನಾಗೇಶಿಯ ನೆಲೆಯಿಂದ ಬ್ರೋಧಾ ವಿ ಅವರ ಹಿಪ್ ಹಾಪ್ ಬದುಕು

ಪ್ರವೇಶ

ಕನ್ನಡ ಜಾನಪದ ಅಧ್ಯಯನವು ಬಹುಕಾಲದವರೆಗೆ ಮೂರು ಲಕ್ಷಣಗಳನ್ನು ನೆಚ್ಚಿಕೊಂಡು ನಡೆದು ಬಂದಿದೆ. ಜನಪದವು ಹಳ್ಳಿಯದು, ಅದು ಬಾಯಿಂದ ಬಾಯಿಗೆ ಹರಿದು ಬರುವಂಥದು, ಅದಕ್ಕೆ ಕರ್ತೃವಿನ ಹೆಸರಿಲ್ಲ ಎಂಬುವೇ ಆ ಮೂರು ಲಕ್ಷಣಗಳು. ಗರತಿಯ ಹಾಡುಗಳನ್ನು, ಬೀಸುವ ಕಲ್ಲಿನ ಪದಗಳನ್ನು, ಸೋಬಾನೆಗಳನ್ನು ಅರಿಯಲು ಈ ಲಕ್ಷಣಗಳು ನೆರವಾದವು. ಆದರೆ ಉತ್ತರ ಕರ್ನಾಟಕದ ಲಾವಣಿ ಮತ್ತು ಗೀಗೀ ಪದಗಳ ಮುಂದೆ ಈ ಅಳತೆಗೋಲು ಮೊದಲಿನಿಂದಲೂ ಕುಂಟುತ್ತಲೇ ಇದೆ. ಅಲ್ಲಿ ಕವಿಗೆ ಹೆಸರಿದೆ, ಊರಿದೆ, ಗುರುವಿದ್ದಾನೆ, ಎದುರಾಳಿಯಿದ್ದಾನೆ; ಇವೆಲ್ಲವನ್ನೂ ಆತ ತನ್ನ ಹಾಡಿನಲ್ಲಿಯೇ ಸಾರಿ ಹೇಳುತ್ತಾನೆ.

ಇಂದು ಇದೇ ಪ್ರಶ್ನೆ ಬೇರೊಂದು ದಿಕ್ಕಿನಿಂದ ನಮ್ಮೆದುರು ಬಂದು ನಿಂತಿದೆ. ಬೆಂಗಳೂರಿನಂಥ ಮಹಾನಗರದಲ್ಲಿ, ಗಣಕಯಂತ್ರದ ಮುಂದೆ ಕುಳಿತು, ತಾಳಕ್ಕೆ ಮಾತನ್ನು ಹೆಣೆದು ಹಾಡುವ ತರುಣರ ಒಂದು ಪರಂಪರೆಯೇ ಕಳೆದ ಎರಡು ದಶಕಗಳಲ್ಲಿ ರೂಪುಗೊಂಡಿದೆ. ಇದನ್ನು ಹಿಪ್ ಹಾಪ್ ಎಂದೂ, ಅದರ ಮಾತಿನ ಭಾಗವನ್ನು ರ‍್ಯಾಪ್ ಎಂದೂ ಕರೆಯುತ್ತಾರೆ. ಇದು ಜಾನಪದದ ವ್ಯಾಪ್ತಿಗೆ ಬರುತ್ತದೆಯೇ? ಬರುವುದಾದರೆ ಅದನ್ನು ಅಧ್ಯಯನ ಮಾಡುವ ಕ್ರಮ ಯಾವುದು? ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಬೆಂಗಳೂರಿನ ಸ್ವತಂತ್ರ ಹಿಪ್ ಹಾಪ್ ಕಲಾವಿದ ಬ್ರೋಧಾ ವಿ ಅವರ ಬದುಕು ಹಾಗೂ ವೃತ್ತಿಯನ್ನು ಮುಂದಿಟ್ಟುಕೊಂಡು, ಯಮಕನಮರಡಿ–ಗೋಕಾಕ ಸೀಮೆಯ ಹರದೇಶಿ–ನಾಗೇಶಿ ಹಾಡುಗಾರಿಕೆಯ ನೆಲೆಯಿಂದ ಪರಿಶೀಲಿಸುತ್ತದೆ. ಒಂದನ್ನು ಇನ್ನೊಂದರ ಸಂತಾನವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಒಂದರ ಬೆಳಕಿನಲ್ಲಿ ಇನ್ನೊಂದು ಹೇಗೆ ಕಾಣುತ್ತದೆ ಎಂಬುದನ್ನು ತಿಳಿಯುವುದಷ್ಟೇ ಉದ್ದೇಶ.

ಯಮಕನಮರಡಿ ಸೀಮೆ ಮತ್ತು ಹಾಡಿನ ವಾದ

ಯಮಕನಮರಡಿಯು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ, ಬೆಳಗಾವಿ ಮತ್ತು ಸಂಕೇಶ್ವರಗಳ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಸಮೀಪದಲ್ಲಿದೆ. ಹತ್ತಿರದಲ್ಲಿಯೇ ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಜಲಾಶಯ; ಪೂರ್ವಕ್ಕೆ ಗೋಕಾಕ, ಅದರಾಚೆಗೆ ಮೂಡಲಗಿ. ಕನ್ನಡ ಮತ್ತು ಮರಾಠಿ ಒಂದರೊಳಗೊಂದು ಬೆರೆತಿರುವ ಈ ಗಡಿಸೀಮೆಯಲ್ಲಿ ಹಾಡುಗಾರಿಕೆಯ ರೂಪಗಳೂ ಎರಡು ಭಾಷೆಗಳ ನಡುವೆ ಓಡಾಡಿಕೊಂಡಿವೆ. ಲಾವಣಿ, ಗೋಂಧಳ ಮುಂತಾದವು ಎರಡೂ ಭಾಷೆಗಳಿಗೆ ಸೇರಿದವು. ಕಲ್ಗಿ–ತುರಾಯಿ ಎಂಬ ಪಂಥಭೇದವು ಮಹಾರಾಷ್ಟ್ರ, ಮಧ್ಯಪ್ರದೇಶ ಮತ್ತು ರಾಜಸ್ಥಾನಗಳವರೆಗೂ ಹಬ್ಬಿದೆ.

ಈ ಸೀಮೆಯ ಕಲಾಪರಂಪರೆಯಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ಹಿರಿಯ ಸ್ಥಾನವಿದೆ. ಅದನ್ನು ಮನೆಮನೆಗೆ ಮುಟ್ಟಿಸಿದ ಕುಲಗೋಡ ತಮ್ಮಣ್ಣನೂ, ಸ್ವಂತ ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನೂ ಗೋಕಾಕ ಸೀಮೆಯವರು. ಬೆಟಗೇರಿ ಕೃಷ್ಣಶರ್ಮರು (ಆನಂದಕಂದ) ಜನಪದದ ಧಾಟಿಯನ್ನು ನವೋದಯ ಕಾವ್ಯಕ್ಕೆ ತಂದುದೂ ಇದೇ ನೆಲದ ಬಲದಿಂದ. ಆದರೆ ನಮ್ಮ ಚರ್ಚೆಗೆ ಹೆಚ್ಚು ಪ್ರಸ್ತುತವಾದುದು ಇಲ್ಲಿಯ ಹಾಡಿನ ವಾದ. ಜನರ ಮಾತಿನಲ್ಲಿ ಹೇಳುವುದಾದರೆ ಹಾಡಕಿ.

ಹರದೇಶಿ–ನಾಗೇಶಿಯಲ್ಲಿ ಎರಡು ಮೇಳಗಳು ಎದುರುಬದುರಾಗುತ್ತವೆ. ಹರದೇಶಿಯವರು ತುರಾಯಿ ಪಕ್ಷದವರು. ಶಿವ ಹೆಚ್ಚು, ಪುರುಷ ಹೆಚ್ಚು ಎಂದು ವಾದಿಸುವವರು. ನಾಗೇಶಿಯವರು ಕಲ್ಗಿ ಪಕ್ಷದವರು. ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುವವರು. ದಪ್ಪು, ತುಂತುಣಿ ಮತ್ತು ತಾಳ ಇದರ ಮುಖ್ಯ ವಾದ್ಯಗಳು. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಅದೇ ಧಾಟಿಯಲ್ಲಿ ಉತ್ತರ ಕೊಡಬೇಕು. ಪುರಾಣದ ಒಗಟು, ಲೋಕಾನುಭವದ ಮಾತು, ಕೆಣಕು, ಬಡಾಯಿ ಎಲ್ಲವೂ ಇಲ್ಲಿ ಸಲ್ಲುತ್ತವೆ. ಜಾತ್ರೆಯ ರಾತ್ರಿ ಆರಂಭವಾದ ಹಾಡು ಬೆಳಗಿನವರೆಗೂ ನಡೆಯುವುದುಂಟು. ಬೀರಪ್ಪನ ಗುಡಿಯ ಮುಂದೆ ನಡೆಯುವ ಡೊಳ್ಳಿನ ಹಾಡಿಕೆಯಲ್ಲಿಯೂ ಇದೇ ವಾದ–ಪ್ರತಿವಾದದ ಕ್ರಮವನ್ನು ಕಾಣುತ್ತೇವೆ. ಗೆಲುವನ್ನು ತೀರ್ಮಾನಿಸುವವರು ಕೇಳುವ ಜನ. ಅವರ ನಗು, ಕೇಕೆ ಮತ್ತು ಮೌನಗಳೇ ತೀರ್ಪು.

ಹಿಪ್ ಹಾಪ್: ಹುಟ್ಟು ಮತ್ತು ಹರಹು

ಹಿಪ್ ಹಾಪ್‌ನ ಹುಟ್ಟನ್ನು ಸಾಮಾನ್ಯವಾಗಿ ೧೯೭೩ರ ಆಗಸ್ಟ್ ೧೧ರ ಒಂದು ಕೂಟದೊಂದಿಗೆ ಗುರುತಿಸುತ್ತಾರೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ವಸತಿ ಕಟ್ಟಡವೊಂದರಲ್ಲಿ, ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಆ ಸಂಜೆ ಧ್ವನಿಮುದ್ರಿಕೆಗಳನ್ನು ನುಡಿಸಿದರು. ಹಾಡಿನ ನಡುವೆ ಗಾಯನ ನಿಂತು ಬರಿಯ ತಾಳವಾದ್ಯ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಗಮನಿಸಿ, ಒಂದೇ ಮುದ್ರಿಕೆಯ ಎರಡು ಪ್ರತಿಗಳ ನೆರವಿನಿಂದ ಆ ತುಣುಕನ್ನು ಹಿಗ್ಗಿಸಿ ನುಡಿಸುವ ಕ್ರಮವನ್ನು ಅವರು ಬೆಳೆಸಿದರು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತಾಡುವುದೇ ಮುಂದೆ ರ‍್ಯಾಪ್ ಆಯಿತು. ತಾಳ ನುಡಿಸುವುದು, ಮಾತು ಹೆಣೆಯುವುದು, ನೆಲದ ಮೇಲೆ ಕುಣಿಯುವುದು, ಗೋಡೆಯ ಮೇಲೆ ಬರೆಯುವುದು ಎಂಬ ನಾಲ್ಕು ಅಂಗಗಳು ಕೂಡಿ ಹಿಪ್ ಹಾಪ್ ಎನಿಸಿಕೊಂಡವು. ಬ್ರಾಂಕ್ಸ್‌ನ ಬಡ ಕಪ್ಪು ಜನರ ಮತ್ತು ವಲಸಿಗರ ಓಣಿಗಳಲ್ಲಿ ಹುಟ್ಟಿದ ಈ ಕಲೆಯ ಕುಣಿತದ ಅಂಗವು ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಗಿತ್ತು. ಕೆಂಡ್ರಿಕ್ ಲಮಾರ್ ಅವರ ಕೃತಿಗೆ ೨೦೧೮ರಲ್ಲಿ ಸಂಗೀತ ವಿಭಾಗದ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಜಾನಪದ ವಿದ್ವಾಂಸರಿಗೆ ಈ ಕಲೆಯ ಬೇರುಗಳು ಅಪರಿಚಿತವಲ್ಲ. ರೋಜರ್ ಅಬ್ರಹಾಮ್ಸ್ ಅವರು ೧೯೬೪ರಲ್ಲಿ ಪ್ರಕಟಿಸಿದ ಫಿಲಡೆಲ್ಫಿಯಾ ನಗರದ ಅಧ್ಯಯನದಲ್ಲಿ ಕಪ್ಪು ತರುಣರ ಪ್ರಾಸಬದ್ಧ ಬೈಗುಳದ ಪಂದ್ಯಗಳನ್ನೂ ದೀರ್ಘ ಕಥನ ಪದ್ಯಗಳನ್ನೂ ದಾಖಲಿಸಿದ್ದರು. ಹಿಪ್ ಹಾಪ್ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ಅದರ ಮೌಖಿಕ ಸಾಮಗ್ರಿಯು ಜಾನಪದ ಸಂಗ್ರಹಕ್ಕೆ ಸೇರಿತ್ತೆಂಬುದು ಗಮನಾರ್ಹ.

ಭಾರತದಲ್ಲಿ ಈ ಧಾಟಿ ಮೊದಲು ಜನಪ್ರಿಯವಾದುದು ೧೯೯೦ರ ದಶಕದಲ್ಲಿ. ಬಾಬಾ ಸೆಹಗಲ್ ಅವರ ಹಿಂದಿ ಹಾಡುಗಳೂ, ೧೯೯೪ರ ತಮಿಳು ಚಿತ್ರ ‘ಕಾದಲನ್’ನ ಪೇಟ್ಟೈ ರ‍್ಯಾಪ್ ಹಾಡೂ ಇದನ್ನು ವಿನೋದದ ರೂಪದಲ್ಲಿ ಪರಿಚಯಿಸಿದವು. ತನ್ನ ಓಣಿಯ ಬದುಕನ್ನು ತಾನೇ ಹೇಳಿಕೊಳ್ಳುವ ಗಂಭೀರ ರೂಪವು ಬೆಳೆದುದು ಅಂತರ್ಜಾಲ ಬಂದ ಮೇಲೆ. ಮುಂಬೈಯ ಡಿವೈನ್ ಮತ್ತು ನೇಜಿ ಅವರ ಹಾಡುಗಳು, ಅವರ ಬದುಕಿನ ಪ್ರೇರಣೆಯಿಂದ ೨೦೧೯ರಲ್ಲಿ ಬಂದ ‘ಗಲ್ಲಿ ಬಾಯ್’ ಚಲನಚಿತ್ರ ಇದನ್ನು ದೇಶಕ್ಕೆಲ್ಲ ತಿಳಿಸಿದವು. ಆದರೆ ಬೆಂಗಳೂರಿನಲ್ಲಿ ಈ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು.

ಬ್ರೋಧಾ ವಿ: ಬದುಕು ಮತ್ತು ವೃತ್ತಿ

ಬ್ರೋಧಾ ವಿ ಎಂಬುದು ವೇದಿಕೆಯ ಹೆಸರು. ಅವರ ನಿಜನಾಮ ವಿಘ್ನೇಶ್ ಶಿವಾನಂದ್. ಬೆಂಗಳೂರು ಅವರ ಕಾರ್ಯಕ್ಷೇತ್ರ. ಸೋದರ ಎಂಬರ್ಥದ ಇಂಗ್ಲಿಷ್ ಪದವನ್ನು ನೆನಪಿಸುವ ಒಂದು ಶಬ್ದ, ಅದರ ಮುಂದೆ ಸ್ವಂತ ಹೆಸರಿನ ಮೊದಲಕ್ಷರ. ಇಷ್ಟರಲ್ಲಿ ಆ ಹೆಸರು ಮುಗಿಯುತ್ತದೆ.

ಅವರ ಕಲಿಕೆಯ ಮೊದಲ ಘಟ್ಟ ನಡೆದುದು ಯಾವ ಸಂಗೀತ ಶಾಲೆಯಲ್ಲಿಯೂ ಅಲ್ಲ, ಆರ್ಕುಟ್ ಎಂಬ ಜಾಲತಾಣದಲ್ಲಿ. ೨೦೦೪ರಲ್ಲಿ ಆರಂಭವಾಗಿ ೨೦೧೪ರಲ್ಲಿ ಮುಚ್ಚಿಹೋದ ಈ ತಾಣದಲ್ಲಿ ರ‍್ಯಾಪ್ ಆಸಕ್ತರ ಗುಂಪುಗಳಿದ್ದವು. ದೇಶದ ಬೇರೆಬೇರೆ ನಗರಗಳ ತರುಣರು ಅಲ್ಲಿ ಒಬ್ಬರಿಗೊಬ್ಬರು ಪ್ರಾಸದ ಸವಾಲು ಹಾಕುತ್ತಿದ್ದರು. ಮೊದಲು ಬರವಣಿಗೆಯಲ್ಲಿ, ಅನಂತರ ಮನೆಯಲ್ಲಿಯೇ ಮುದ್ರಿಸಿದ ಧ್ವನಿಯಲ್ಲಿ ಈ ಪಂದ್ಯಗಳು ನಡೆಯುತ್ತಿದ್ದವು. ಗುಂಪಿನ ಇತರ ಸದಸ್ಯರೇ ಗೆಲುವನ್ನು ತೀರ್ಮಾನಿಸುತ್ತಿದ್ದರು. ಹಾಡಕಿಯ ಕಟ್ಟೆಯನ್ನು ಬಲ್ಲವರಿಗೆ ಇಲ್ಲಿಯ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಎದುರಾಳಿಯಿಲ್ಲದೆ ಕಲಿಕೆಯಿಲ್ಲ, ಸೋಲದೆ ಪಟ್ಟು ತಿಳಿಯುವುದಿಲ್ಲ, ತೀರ್ಪು ಕೊಡುವವರು ಕೇಳುಗರೇ. ವಾಲ್ಟರ್ ಆಂಗ್ ಅವರು ೧೯೮೨ರಲ್ಲಿ ವಿವರಿಸಿದ ‘ದ್ವಿತೀಯ ಮೌಖಿಕತೆ’, ಎಂದರೆ ಬರಹ ಮತ್ತು ತಂತ್ರಜ್ಞಾನಗಳ ಮೇಲೆ ನಿಂತು ಮತ್ತೆ ಮಾತಿನ ಗುಣವನ್ನು ಪಡೆಯುವ ಸ್ಥಿತಿಗೆ, ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಎರಡನೆಯ ಘಟ್ಟ ಮೇಳದ್ದು. ಸ್ಮೋಕಿ ದ ಘೋಸ್ಟ್ ಎಂಬ ಹೆಸರಿನಿಂದ ಹಾಡುವ ಸುಮುಖ್ ಮೈಸೂರು ಹಾಗೂ ಬಿಗ್ ನಿಕ್ ಅವರೊಡನೆ ಸೇರಿ ಅವರು ‘ಮಚ್ಚಾಸ್ ವಿತ್ ಆಟಿಟ್ಯೂಡ್’ ಎಂಬ ತಂಡವನ್ನು ಕಟ್ಟಿದರು. ಈ ಹೆಸರು ೧೯೮೦ರ ದಶಕದ ಕೊನೆಯಲ್ಲಿ ಪ್ರಸಿದ್ಧವಾದ ಕ್ಯಾಲಿಫೋರ್ನಿಯಾದ ಎನ್.ಡಬ್ಲ್ಯೂ.ಎ. ತಂಡದ ಹೆಸರನ್ನು ಅನುಕರಿಸಿ ಅಣಕಿಸುತ್ತದೆ. ಆದರೆ ಅಮೆರಿಕದ ಪದದ ಜಾಗದಲ್ಲಿ ಕೂತಿರುವುದು ‘ಮಚ್ಚಾ’ ಎಂಬ ಬೆಂಗಳೂರಿನ ಓಣಿಯ ಸಂಬೋಧನೆ. ತಮಿಳಿನಿಂದ ಬಂದು, ಕನ್ನಡ ಮಾತಾಡುವ ತರುಣರ ಬಾಯಲ್ಲಿಯೂ ನೆಲೆಯಾದ ಪದವದು. ಹೊರಗಿನಿಂದ ಬಂದ ಚೌಕಟ್ಟಿನೊಳಗೆ ಸ್ಥಳೀಯವಾದ ಒಂದೇ ಮಾತನ್ನು ಇಟ್ಟು ಇಡೀ ಚೌಕಟ್ಟನ್ನು ತಮ್ಮದಾಗಿಸಿಕೊಳ್ಳುವ ಈ ಕ್ರಮ ಜಾನಪದದಲ್ಲಿ ಹಳೆಯದು.

ಮೂರನೆಯ ಘಟ್ಟದಲ್ಲಿ, ೨೦೧೨ರಲ್ಲಿ, ಬ್ರೋಧಾ ವಿ ಒಬ್ಬರೇ ಹಾಡಿದ ‘ಆತ್ಮ ರಾಮ’ ಹೊರಬಂದಿತು. ಇದರ ನುಡಿಗಳು ಇಂಗ್ಲಿಷಿನಲ್ಲಿವೆ. ದಾರಿ ತಪ್ಪಿದ ಯೌವನ, ಹಾಡುಗಾರನಾಗಬೇಕೆಂಬ ಹಂಬಲ, ದೈವದ ಮುಂದೆ ಮಾಡಿಕೊಳ್ಳುವ ನಿವೇದನೆ ಅವುಗಳ ವಸ್ತು. ಆದರೆ ನುಡಿ ಮುಗಿದೊಡನೆ ಮರಳಿ ಮರಳಿ ಬರುವ ಪಲ್ಲವಿಯು ಸಂಸ್ಕೃತದ ರಾಮಸ್ತುತಿ. ಮಹಿಷಾಸುರಮರ್ದಿನಿ ಸ್ತೋತ್ರವನ್ನು ಆಧರಿಸಿದ ‘ಐಗಿರಿ ನಂದಿನಿ’ಯಲ್ಲಿಯೂ ಇದೇ ವಿಧಾನವಿದೆ. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಾದಿಯನ್ನು ಕಾಯದೆ ಯೂಟ್ಯೂಬ್ ಮೂಲಕ ಕೇಳುಗರನ್ನು ಮುಟ್ಟಿದ ಈ ಹಾಡುಗಳು ಅವರಿಗೆ ರಾಷ್ಟ್ರಮಟ್ಟದ ಹೆಸರು ತಂದವು. ೨೦೧೩ರ ಹಿಂದಿ ಚಿತ್ರ ‘ಚೆನ್ನೈ ಎಕ್ಸ್‌ಪ್ರೆಸ್’ನ ‘ರೆಡಿ ಸ್ಟೆಡಿ ಪೋ’ ಹಾಡಿನಲ್ಲಿ ಅವರ ರ‍್ಯಾಪ್ ಇದೆ. ಚಿತ್ರರಂಗದ ಈ ಪ್ರವೇಶದ ಅನಂತರವೂ ಅವರು ತಮ್ಮ ಬಿಡಿ ಹಾಡುಗಳನ್ನು ಬರೆಯುವ, ಹಾಡುವ, ಅವುಗಳ ಸಂಗೀತವನ್ನು ತಾವೇ ಕಟ್ಟುವ ಸ್ವತಂತ್ರ ಮಾರ್ಗವನ್ನು ಬಿಡಲಿಲ್ಲ.

ಇದೇ ಅವಧಿಯಲ್ಲಿ ಕನ್ನಡದಲ್ಲಿಯೇ ರ‍್ಯಾಪ್ ರಚಿಸುವವರ ಸಾಲೂ ಬೆಳೆಯಿತು. ಆಲ್ ಓಕೆ ಎಂಬ ಹೆಸರಿನ ಅಲೋಕ್ ಬಾಬು, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೊ ಮುಂತಾದವರು ಇವರಲ್ಲಿ ಪ್ರಮುಖರು. ಚಂದನ್ ಶೆಟ್ಟಿ ೨೦೧೮ರಲ್ಲಿ ಬಿಗ್ ಬಾಸ್ ಕನ್ನಡದ ಐದನೆಯ ಆವೃತ್ತಿಯನ್ನು ಗೆದ್ದ ಮೇಲೆ ರ‍್ಯಾಪ್ ಎಂಬ ಪದ ಹಳ್ಳಿಯ ಮನೆಗಳಿಗೂ ಪರಿಚಿತವಾಯಿತು.

ಪಲ್ಲ ಮತ್ತು ನುಡಿ: ರಚನೆಯ ಸಾಮ್ಯ

ಲಾವಣಿಯ ಬಂಧದಲ್ಲಿ ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡಪಲ್ಲ ಎಂಬ ಅಂಗಗಳಿವೆ. ಪಲ್ಲವು ಹಿಮ್ಮೇಳದವರೂ ಕೂಡಿ ಹಾಡುವಂಥದು. ನುಡಿಯು ಮುಖ್ಯ ಹಾಡುಗಾರನದು. ನುಡಿಯನ್ನು ಮತ್ತೆ ಪಲ್ಲಕ್ಕೆ ತಂದು ಸೇರಿಸುವುದು ಕೂಡಪಲ್ಲದ ಕೆಲಸ. ರ‍್ಯಾಪ್‌ನಲ್ಲಿಯೂ ಸಾಮಾನ್ಯವಾಗಿ ಹದಿನಾರು ಆವರ್ತಗಳ ನುಡಿ, ಎಂಟು ಆವರ್ತಗಳ ಪಲ್ಲವಿ, ಅವೆರಡನ್ನು ಜೋಡಿಸುವ ಒಂದು ಸೇತುಭಾಗ ಇರುತ್ತವೆ. ಹಾಡಿನ ವೇಗ ಏರುವುದು, ಮಾತು ಒತ್ತೊತ್ತಾಗುವುದು, ಒಮ್ಮೆಲೆ ತಗ್ಗುವುದು ಎರಡೂ ಕಡೆ ಕೇಳುಗರನ್ನು ಹಿಡಿದಿಡುವ ಉಪಾಯಗಳು.

ಈ ಹೊರಸಾಮ್ಯಕ್ಕಿಂತ ಒಳಸಾಮ್ಯ ಮುಖ್ಯವಾದುದು. ‘ಆತ್ಮ ರಾಮ’ದಲ್ಲಿ ಪಲ್ಲವಿ ಎಲ್ಲರ ಸೊತ್ತು. ಆ ಸ್ತುತಿಯನ್ನು ಮನೆಯ ಹಿರಿಯರಿಂದ, ಗುಡಿಯ ಧ್ವನಿವರ್ಧಕದಿಂದ, ಕ್ಯಾಸೆಟ್ಟಿನಿಂದ ಕೇಳಿ ಬಲ್ಲವರು ಅನೇಕರು. ನುಡಿ ಮಾತ್ರ ಒಬ್ಬನದೇ. ಅದು ಅವನ ಬದುಕು, ಅವನ ತಪ್ಪು, ಅವನ ಹಟ. ಸಮುದಾಯದ ಭಂಡಾರದಿಂದ ಪಲ್ಲವನ್ನು ಪಡೆದು, ವ್ಯಕ್ತಿಯ ಅನುಭವದಿಂದ ನುಡಿಯನ್ನು ಕಟ್ಟುವ ಈ ವಿಭಾಗವೇ ಹಾಡನ್ನು ಏಕಕಾಲಕ್ಕೆ ಪರಿಚಿತವೂ ಹೊಸದೂ ಆಗಿಸುತ್ತದೆ. ಗೀಗೀ ಎಂಬ ಸೊಲ್ಲು ಎಲ್ಲ ಮೇಳಗಳಿಗೂ ಒಂದೇ. ಅದರ ಆಸರೆಯಲ್ಲಿ ಹೇಳುವ ಮಾತು ಮೇಳಮೇಳಕ್ಕೂ ಬೇರೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಅದೇ ಸೊಲ್ಲಿನ ಆಸರೆಯಲ್ಲಿ ಬ್ರಿಟಿಷರ ವಿರುದ್ಧದ ಮಾತುಗಳು ಹಳ್ಳಿಹಳ್ಳಿಗೆ ಹಬ್ಬಿದ್ದವು. ಪರಿಚಿತವಾದ ಪಲ್ಲವು ಅಪರಿಚಿತವಾದ ನುಡಿಗೆ ಬಾಗಿಲು ತೆರೆಯುತ್ತದೆ ಎಂಬುದು ಮೌಖಿಕ ಕಾವ್ಯದ ಒಂದು ಸಾಮಾನ್ಯ ಧರ್ಮವೆಂದು ಹೇಳಬಹುದು.

ಆಶುರಚನೆಯ ವಿಷಯದಲ್ಲಿ ಎಚ್ಚರ ಅಗತ್ಯ. ಆಲ್ಬರ್ಟ್ ಲಾರ್ಡ್ ಅವರು ೧೯೬೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಮೌಖಿಕ ಗಾಯಕನು ಸಿದ್ಧ ಪದಗುಚ್ಛಗಳ ನೆರವಿನಿಂದ ಹಾಡುವ ಹೊತ್ತಿನಲ್ಲಿಯೇ ಕಾವ್ಯವನ್ನು ಕಟ್ಟುತ್ತಾನೆಂದು ತೋರಿಸಿದರು. ಹಾಡಕಿಯ ಕಲಾವಿದರೂ ರ‍್ಯಾಪ್ ಪಂದ್ಯದ ಕಲಾವಿದರೂ ಇಂಥ ಸಿದ್ಧ ತುಣುಕುಗಳನ್ನು ನೆನಪಿನಲ್ಲಿ ಕೂಡಿಟ್ಟುಕೊಂಡಿರುತ್ತಾರೆ. ಆದರೆ ಧ್ವನಿಮುದ್ರಿತ ರ‍್ಯಾಪ್ ಹಾಡು ಬರೆದು, ತಿದ್ದಿ, ಹತ್ತಾರು ಬಾರಿ ಮುದ್ರಿಸಿದ ರಚನೆ. ಅದು ಮೌಖಿಕತೆಯ ಗುಣವನ್ನು ಉಳಿಸಿಕೊಂಡ ಲಿಖಿತ ಕಾವ್ಯ. ಲಾವಣಿಗಳೂ ಹಸ್ತಪ್ರತಿಗಳಲ್ಲಿ, ಹಾಡುಗಾರರ ನೋಟುಬುಕ್ಕುಗಳಲ್ಲಿ ಉಳಿದುಬಂದವೆಂಬುದನ್ನು ನೆನೆದರೆ ಈ ಎರಡರ ಅಂತರ ನಾವು ಭಾವಿಸುವಷ್ಟು ದೊಡ್ಡದಲ್ಲ.

ಭಾಷೆ ಮತ್ತು ಪ್ರಾಸ

ಬ್ರೋಧಾ ವಿ ಅವರ ನುಡಿಗಳು ಪ್ರಧಾನವಾಗಿ ಇಂಗ್ಲಿಷಿನಲ್ಲಿರುವುದು ಕನ್ನಡದ ಓದುಗರಿಗೆ ಒಂದು ತೊಡಕಾಗಿ ಕಾಣಬಹುದು. ಆದರೆ ಕನ್ನಡ ರ‍್ಯಾಪ್ ಎದುರಿಸಿದ ಸಮಸ್ಯೆ ಅವರ ಮುಖಾಂತರವೇ ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರಗಳ ಪದಗಳು ಹೇರಳ. ಪದದ ಮೇಲೆ ಘಾತವಿದೆ. ಆ ಘಾತವನ್ನು ತಾಳದ ಪೆಟ್ಟಿಗೆ ಸರಿಹೊಂದಿಸುವುದೇ ರ‍್ಯಾಪ್‌ನ ಗತಿ. ಕನ್ನಡ ಪದಗಳು ಉದ್ದ, ಬಹುಪಾಲು ಸ್ವರಾಂತ್ಯ, ಪ್ರತ್ಯಯಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದರಿಂದ ‘ಬಂದೆನು, ಹೋದೆನು, ನಿಂದೆನು’ ಎಂಬಂಥ ಅಂತ್ಯಪ್ರಾಸ ತೀರ ಸುಲಭವಾಗಿ ದೊರೆಯುತ್ತದೆ. ಸುಲಭವಾಗಿ ದೊರೆತುದಕ್ಕೆ ಕಿವಿ ಹೆಚ್ಚು ಬೆಲೆ ಕೊಡುವುದಿಲ್ಲ. ಪ್ರತ್ಯಯದ ಪ್ರಾಸವನ್ನು ಬಿಟ್ಟು ಧಾತುವಿನ ಪ್ರಾಸವನ್ನು, ಒಳಪ್ರಾಸವನ್ನು ಹುಡುಕುವುದೇ ಕನ್ನಡ ರ‍್ಯಾಪ್ ಕವಿಯ ನಿಜವಾದ ಪರೀಕ್ಷೆ.

ಇಲ್ಲಿ ಉತ್ತರ ಕರ್ನಾಟಕದ ಆಡುಮಾತು ತನ್ನ ಶಕ್ತಿಯನ್ನು ತೋರಿಸುತ್ತದೆ. ‘ಬಂದಿದ್ದಾನೆ’ ಎಂಬ ಗ್ರಾಂಥಿಕ ರೂಪವು ‘ಬಂದಾನ’ ಎಂದಾಗುವಲ್ಲಿ ಮಾತು ಕುಗ್ಗುತ್ತದೆ. ದೀರ್ಘಾಕ್ಷರ ನಡುವೆ ಬಂದು ತಾಳದ ಪೆಟ್ಟಿಗೆ ಜಾಗ ಸಿಗುತ್ತದೆ. ಲಾವಣಿಕಾರರು ಈ ಗುಟ್ಟನ್ನು ತಲೆಮಾರುಗಳಿಂದ ಬಲ್ಲರು. ದ್ವಿತೀಯಾಕ್ಷರ ಪ್ರಾಸ, ಅನುಪ್ರಾಸ ಮತ್ತು ಅಂತ್ಯಪ್ರಾಸಗಳನ್ನು ಒಂದೇ ನುಡಿಯಲ್ಲಿ ದುಡಿಸಿಕೊಳ್ಳುವ ಅವರ ಕೌಶಲವು ಕನ್ನಡ ರ‍್ಯಾಪ್ ಛಂದಸ್ಸಿಗೆ ಒಂದು ಸಿದ್ಧ ಪಾಠಶಾಲೆಯಾಗಬಲ್ಲದು. ಈ ದಿಸೆಯಲ್ಲಿ ವ್ಯವಸ್ಥಿತವಾದ ಛಂದೋಧ್ಯಯನ ನಡೆಯಬೇಕಾಗಿದೆ.

ಅಂಕಿತ, ಊರು ಮತ್ತು ಹೆಸರು

ಲಾವಣಿಯ ಕೊನೆಯ ನುಡಿಯಲ್ಲಿ ಕವಿಯು ತನ್ನ ಊರನ್ನು, ಗುರುವನ್ನು, ತನ್ನ ಹೆಸರನ್ನು ಇಟ್ಟು ಮುಗಿಸುತ್ತಾನೆ. ಇಂಡಿ ಸೀಮೆಯ ಹಲಸಂಗಿಯ ಖಾಜಾಭಾಯಿಯವರಂಥ ಲಾವಣಿಕಾರರನ್ನು ನಾವು ಇಂದು ಹೆಸರಿಟ್ಟು ಕರೆಯಲು ಸಾಧ್ಯವಾಗಿರುವುದು ಈ ಸಂಪ್ರದಾಯದಿಂದ ಮತ್ತು ಅದನ್ನು ಗೌರವಿಸಿದ ಹಲಸಂಗಿ ಗೆಳೆಯರಿಂದ. ರ‍್ಯಾಪ್ ಕಲಾವಿದನೂ ತನ್ನ ಹೆಸರನ್ನು ಹಾಡಿನಲ್ಲಿಯೇ ನುಡಿಯುತ್ತಾನೆ. ತನ್ನ ಓಣಿಯನ್ನು, ತನ್ನ ನಗರವನ್ನು ಎತ್ತಿ ಹೇಳುತ್ತಾನೆ. ಎದುರಾಳಿಯನ್ನು ತಗ್ಗಿಸಿ ತನ್ನನ್ನು ಹೊಗಳಿಕೊಳ್ಳುವ ಬಡಾಯಿಯು ಹೊರಗಿನವರಿಗೆ ಅಹಂಕಾರವೆಂದು ತೋರಬಹುದು. ಪ್ರಕಾರದ ಒಳಗಿದ್ದವರಿಗೆ ಅದು ಒಂದು ನಿಯಮಬದ್ಧ ಅಲಂಕಾರ.

ಯಮಕನಮರಡಿಯ ಸುತ್ತಲಿನ ಸೀಮೆಯಲ್ಲಿ ಇಂದು ಬಹು ಜನಪ್ರಿಯವಾಗಿರುವ ಯೂಟ್ಯೂಬ್ ಜಾನಪದ ಗಾಯಕರಲ್ಲಿಯೂ ಈ ಸಂಪ್ರದಾಯ ಮುಂದುವರಿದಿದೆ. ರಾಯಬಾಗ ತಾಲೂಕಿನ ನಿಪನಾಳದಿಂದ ಬಂದ ಮಾಳು ನಿಪನಾಳ ೨೦೨೫ರಲ್ಲಿ ಬಿಗ್ ಬಾಸ್ ಕನ್ನಡದ ಹನ್ನೆರಡನೆಯ ಆವೃತ್ತಿಯವರೆಗೂ ಹೋದವರು. ಅವರ ಹೆಸರಿನೊಡನೆ ಇರುವುದು ಮನೆತನದ ಹೆಸರಲ್ಲ, ಊರಿನ ಹೆಸರು. ಬಾಳು ಬೆಳಗುಂದಿಯವರ ಹೆಸರೂ ಹಾಗೆಯೇ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂದು ಜನ ಕರೆದ ರೀತಿಯೇ ಇಲ್ಲಿಯೂ ಉಳಿದಿದೆ. ಮುಂದಿದ್ದ ಊರು ಹಿಂದಕ್ಕೆ ಸರಿದಿದೆ, ಅಷ್ಟೆ. ಗಣಕಯಂತ್ರದ ತಾಳಕ್ಕೆ ಪ್ರೇಮ, ವಿರಹ, ಗಾಡಿ, ಜಾತ್ರೆಗಳನ್ನು ಹಾಡುವ ಈ ಗಾಯಕರು ತಮ್ಮನ್ನು ಹಿಪ್ ಹಾಪ್ ಕಲಾವಿದರೆಂದು ಕರೆದುಕೊಳ್ಳುವುದಿಲ್ಲ, ಜಾನಪದ ಕಲಾವಿದರೆನ್ನುತ್ತಾರೆ. ಆದರೆ ಅವರ ಉತ್ಪಾದನಾ ಕ್ರಮ ಮತ್ತು ಜೀವನೋಪಾಯ ಬೆಂಗಳೂರಿನ ಸ್ವತಂತ್ರ ರ‍್ಯಾಪ್ ಕಲಾವಿದರದಕ್ಕೆ ಬಹು ಹತ್ತಿರವಾದುದು. ‘ಇದು ಜಾನಪದವೇ ಅಲ್ಲ’ ಎಂದು ತಳ್ಳಿಹಾಕುವುದು ಸುಲಭ. ರಿಚರ್ಡ್ ಡಾರ್ಸನ್ ೧೯೫೦ರಲ್ಲಿ ‘ಹುಸಿ ಜಾನಪದ’ ಎಂಬ ಪರಿಕಲ್ಪನೆಯನ್ನು ತಂದದ್ದೂ ಇಂಥ ಎಚ್ಚರದಿಂದಲೇ. ಆದರೆ ಅಲನ್ ಡಂಡೆಸ್ ಅವರು, ಸಮಾನವಾದ ಒಂದಾದರೂ ಅಂಶವುಳ್ಳ ಯಾವುದೇ ಗುಂಪು ‘ಜನಪದ’ವೇ ಎಂದು ವಿವರಿಸಿದ ಮೇಲೆ ಹಳ್ಳಿ ಮತ್ತು ಅನಕ್ಷರತೆಗಳನ್ನೇ ಗಡಿಯಾಗಿ ಹಿಡಿಯುವುದು ಸಾಧುವಲ್ಲ.

ಜೀವನೋಪಾಯ ಮತ್ತು ಹಕ್ಕು

ಹಾಡಕಿಯ ಮೇಳಕ್ಕೆ ಜಾತ್ರಾ ಕಮಿಟಿಯವರು ಮುಂಗಡವಾಗಿ ವೀಳ್ಯ ಕೊಡುತ್ತಾರೆ. ಹಾಡಿನ ನಡುವೆ ಮೆಚ್ಚಿದವರು ಆಹೇರಿ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಮೇಳದವರು ಕೂಗಿ ಹೇಳುತ್ತಾರೆ. ಹಾಡು ಮುಗಿದ ಮೇಲೆ ಅದರಿಂದ ಮತ್ತೆ ಆದಾಯವಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಸಾವಿರಾರು ಮನೆಗಳಿಗೆ ಹೋಯಿತು. ಆದರೆ ಕಲಾವಿದರಿಗೆ ದೊರೆತುದು ಬಹುಮಟ್ಟಿಗೆ ಒಂದು ಸಲದ ಸಂಭಾವನೆ. ಸ್ವತಂತ್ರ ಹಿಪ್ ಹಾಪ್ ಕಲಾವಿದನ ‘ಸ್ವಾತಂತ್ರ್ಯ’ದ ಅರ್ಥ ಇರುವುದು ಇಲ್ಲಿಯೇ. ಮೂಲ ಧ್ವನಿಮುದ್ರಣದ ಒಡೆತನವನ್ನು ಸಂಸ್ಥೆಗೆ ಒಪ್ಪಿಸದೆ ತನ್ನಲ್ಲಿಯೇ ಉಳಿಸಿಕೊಳ್ಳುವುದು, ಜಾಲತಾಣಗಳಿಂದ ಬರುವ ಪಾಲನ್ನು ತಾನೇ ಪಡೆಯುವುದು, ವೇದಿಕೆಯ ಕಾರ್ಯಕ್ರಮ ಮತ್ತು ಚಿತ್ರಗಳ ಕೆಲಸದಿಂದ ಬಂದ ಹಣವನ್ನು ಮುಂದಿನ ಹಾಡಿಗೆ ತೊಡಗಿಸುವುದು ಆ ಸ್ವಾತಂತ್ರ್ಯದ ಲಕ್ಷಣಗಳು. ಅದರ ಬೆಲೆಯೂ ಸಣ್ಣದಲ್ಲ. ಚಿತ್ರೀಕರಣದ ಖರ್ಚು, ಪ್ರಚಾರದ ಹೊಣೆ, ಸೋಲಿನ ನಷ್ಟ ಎಲ್ಲವೂ ಒಬ್ಬನ ಹೆಗಲಿಗೇ ಬೀಳುತ್ತವೆ.

ಕಾನೂನಿನ ಬಲವೂ ಈ ಅವಧಿಯಲ್ಲಿ ಹೆಚ್ಚಿತು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೯೪ರಲ್ಲಿ ಆದ ತಿದ್ದ���ಪಡಿಯು ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಮಾನ್ಯ ಮಾಡಿತು. ಅದು ಕೊಡುವ ಪ್ರದರ್ಶಕನ ವ್ಯಾಖ್ಯೆಯಲ್ಲಿ ನಟ, ಗಾಯಕ, ವಾದಕ, ನರ್ತಕರ ಜೊತೆಗೆ ಕಸರತ್ತಿನವರು, ಕಣ್ಕಟ್ಟಿನವರು ಮತ್ತು ಹಾವಾಡಿಗರೂ ಸೇರಿದ್ದಾರೆಂಬುದು ಜಾನಪದದ ದೃಷ್ಟಿಯಿಂದ ಮಹತ್ವದ್ದು. ೨೦೧೨ರ ತಿದ್ದುಪಡಿಯು ಮುಂದುವರಿದು, ಚಲನಚಿತ್ರ ಮತ್ತು ಧ್ವನಿಮುದ್ರಣಗಳಲ್ಲಿ ಬಳಕೆಯಾಗುವ ಸಾಹಿತ್ಯ ಹಾಗೂ ಸಂಗೀತದ ಕರ್ತೃಗಳು ತಮ್ಮ ರಾಯಧನದ ಹಕ್ಕನ್ನು ನಿರ್ಮಾಪಕರಿಗೆ ಬಿಟ್ಟುಕೊಡಲಾಗದಂತೆ ಮಾಡಿತು. ಪ್ರದರ್ಶಕನಿಗೆ ರಾಯಧನದ ಜೊತೆಗೆ, ಪ್ರದರ್ಶನ ತನ್ನದೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ಕೊಟ್ಟಿತು. ‘ಆತ್ಮ ರಾಮ’ ಹೊರಬಂದ ವರ್ಷವೇ ಈ ತಿದ್ದುಪಡಿಯೂ ಬಂದುದು ಕಾಕತಾಳೀಯ. ಆದರೆ ಎರಡೂ ಒಂದೇ ಕಾಲದ ಚಿಹ್ನೆಗಳು.

ಇಷ್ಟಾದರೂ ಈ ಹಕ್ಕಿನ ಫಲ ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಬೆಂಗಳೂರಿನ ಕಲಾವಿದನಿಗೆ ಕಾನೂನು, ಇಂಗ್ಲಿಷ್ ಮತ್ತು ತಂತ್ರಜ್ಞಾನಗಳ ಪರಿಚಯವಿದೆ. ಹಾಡಕಿಯ ಹಿರಿಯ ಕಲಾವಿದೆ ತನ್ನ ಹಾಡು ಯಾರದೋ ಮೊಬೈಲಿನಲ್ಲಿ ಮುದ್ರಣಗೊಂಡು, ಯಾರದೋ ಚಾನೆಲ್ಲಿನಲ್ಲಿ ಪ್ರಸಾರವಾಗಿ, ಯಾರಿಗೋ ಆದಾಯ ತರುವುದನ್ನು ತಿಳಿಯುವುದೂ ಇಲ್ಲ. ಇಲ್ಲಿ ಜಾನಪದ ವಿದ್ವಾಂಸರ ಹೊಣೆಯೂ ಇದೆ. ಕರ್ತೃವಿಲ್ಲದುದೇ ಜನಪದ ಎಂಬ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದು, ಅಂಕಿತದ ನುಡಿಯನ್ನು ‘ಪ್ರಕ್ಷಿಪ್ತ’ವೆಂದು ಕೈಬಿಟ್ಟರೆ, ಹಾಡಿದವರ ಹೆಸರನ್ನು ಪುಸ್ತಕದ ಕೊನೆಯ ಪಟ್ಟಿಗೆ ಮಾತ್ರ ಸೀಮಿತಗೊಳಿಸಿದರೆ, ಆ ಹಾಡು ಕಾನೂನಿನ ಕಣ್ಣಿನಲ್ಲಿ ಯಾರದೂ ಅಲ್ಲದ ಸೊತ್ತಾಗುತ್ತದೆ. ಯಾರದೂ ಅಲ್ಲದ ಸೊತ್ತನ್ನು ಯಾರು ಬೇಕಾದರೂ ಒಯ್ಯಬಹುದು. ಸಿದ್ಧಾಂತದ ಒಂದು ಪದ ಕಲಾವಿದೆಯೊಬ್ಬಳ ಅನ್ನದ ಪ್ರಶ್ನೆಯಾಗುವುದು ಹೀಗೆ.

ಭೇದಗಳು

ಸಾಮ್ಯಗಳ ಜೊತೆಗೆ ಭೇದಗಳನ್ನೂ ಮರೆಯುವಂತಿಲ್ಲ. ಹರದೇಶಿ–ನಾಗೇಶಿಯ ವಾದಕ್ಕೆ ತಾತ್ವಿಕ ಹಿನ್ನೆಲೆಯಿದೆ. ಶಿವ–ಶಕ್ತಿಯರ ಹೆಚ್ಚು–ಕಡಿಮೆಯ ಪ್ರಶ್ನೆ ಕೊನೆಗೆ ಇಬ್ಬರೂ ಒಂದೇ ಎಂಬ ಸಾಮರಸ್ಯದಲ್ಲಿ ಮುಗಿಯಬಲ್ಲದು. ರ‍್ಯಾಪ್ ಪಂದ್ಯದಲ್ಲಿ ವಾದವು ವ್ಯಕ್ತಿ–ವ್ಯಕ್ತಿಯ ನಡುವಿನದು. ಅಲ್ಲಿ ಸಮನ್ವಯದ ಒತ್ತಾಯವಿಲ್ಲ. ಹಾಡಕಿಯಲ್ಲಿ ಹೆಣ್ಣಿನ ಪಕ್ಷಕ್ಕೆ ರಚನೆಯಲ್ಲಿಯೇ ಅರ್ಧ ವೇದಿಕೆ ಮೀಸಲಾಗಿದೆ. ನಾಗೇಶಿಯ ಹಾಡುಗಾರ್ತಿ ಗಂಡಿನ ಮೇಳಕ್ಕೆ ಎದುರು ನಿಂತು ಉತ್ತರ ಕೊಡುತ್ತಾಳೆ. ಹಿಪ್ ಹಾಪ್‌ನಲ್ಲಿ ಅಂಥ ಮೀಸಲು ಸ್ಥಾನವಿಲ್ಲ. ಹೆಣ್ಣುಮಕ್ಕಳು ಜಾಗವನ್ನು ಹೋರಾಡಿ ಪಡೆಯಬೇಕಾಗಿದೆ. ಹಾಡಕಿಯ ಕೇಳುಗರು ಎದುರಿಗಿದ್ದಾರೆ, ರಾತ್ರಿಯೆಲ್ಲ ಜೊತೆಗಿರುತ್ತಾರೆ. ಧ್ವನಿಮುದ್ರಿತ ಹಾಡಿನ ಕೇಳುಗರು ಕಾಣದವರು, ಮೂರ್ನಾಲ್ಕು ನಿಮಿಷ ಇದ್ದು ಹೋಗುವವರು. ಈ ಭೇದಗಳಿಂದ ಕಲಿಯುವುದು ಬಹಳವಿದೆ. ವಿಶೇಷವಾಗಿ ನಾಗೇಶಿಯ ಮಾದರಿಯು ಹೊಸ ಕಲೆಗೆ ನಮ್ಮ ಹಳೆಯ ಕಲೆ ಕೊಡಬಹುದಾದ ದೊಡ್ಡ ಕಾಣಿಕೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬ್ರೋಧಾ ವಿ ಅವರ ಬದುಕಿನಲ್ಲಿ ಕಾಣುವ ಪಂದ್ಯದ ಕಲಿಕೆ, ಮೇಳ, ಸಮುದಾಯದ ಪಲ್ಲ, ಸ್ವಂತದ ನುಡಿ, ಅಂಕಿತನಾಮ ಮತ್ತು ಸ್ವತಂತ್ರ ಜೀವನೋಪಾಯ ಎಂಬ ಘಟ್ಟಗಳು ನಮ್ಮ ಲಾವಣಿಕಾರರ ಬದುಕಿನ ಘಟ್ಟಗಳಿಗೆ ಸಮಾನಾಂತರವಾಗಿವೆ. ಇವುಗಳ ನಡುವೆ ವಂಶಸಂಬಂಧವಿಲ್ಲ. ವಾದಿಸುತ್ತ ಹಾಡುವ ಮಾನವ ಸ್ವಭಾವದ ಸಂಬಂಧವಿದೆ. ಹೊಸ ಕಲೆಯನ್ನು ಅಭ್ಯಸಿಸಲು ಬೇಕಾದ ಪರಿಭಾಷೆಗಾಗಿ ನಾವು ಹೊರಗೆ ಹುಡುಕಬೇಕಾಗಿಲ್ಲ. ಪಲ್ಲ, ನುಡಿ, ಏರು, ಇಳುವು, ಸವಾಲು, ಅಂಕಿತ ಎಂಬ ನಮ್ಮ ಪದಗಳೇ ಸಾಕಷ್ಟು ಸಮರ್ಥವಾಗಿವೆ.

ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಾಗೂ ಅಕಾಡೆಮಿಗಳು ಈ ದಿಸೆಯಲ್ಲಿ ಎರಡು ಕೆಲಸಗಳನ್ನು ಕೈಗೊಳ್ಳುವುದು ಅಪೇಕ್ಷಣೀಯ. ಮೊದಲನೆಯದು, ಹಾಡಕಿಯ ಕಲಾವಿದರ ಧ್ವನಿಮುದ್ರಣಗಳನ್ನು ಅವರ ಹೆಸರು, ಊರು, ಗುರುಪರಂಪರೆ, ದಿನಾಂಕಗಳ ಸಹಿತ ದಾಖಲಿಸಿ, ಆ ದಾಖಲೆಯ ಒಂದು ಪ್ರತಿಯನ್ನು ಕಲಾವಿದರ ಕೈಗೂ ಕೊಡುವುದು. ಹಕ್ಕಿನ ಪ್ರಶ್ನೆ ಬಂದಾಗ ಅವರ ಬಳಿ ಪುರಾವೆಯಿರುತ್ತದೆ. ಎರಡನೆಯದು, ಯೂಟ್ಯೂಬ್ ಜಾನಪದ ಮತ್ತು ಕನ್ನಡ ರ‍್ಯಾಪ್ ಹಾಡುಗಳನ್ನು ಇಂದಿನಿಂದಲೇ ಸಂಗ್ರಹಿಸತೊಡಗುವುದು. ಆರ್ಕುಟ್ ಮುಚ್ಚಿದಾಗ ಒಂದು ತಲೆಮಾರಿನ ಕಲಿಕೆಯ ಕಟ್ಟೆಯೇ ಕಣ್ಮರೆಯಾಯಿತು. ಅಲ್ಲಿ ನಡೆದ ಸವಾಲು–ಜವಾಬುಗಳ ಸಂಗ್ರಹಕ್ಕೆ ಯಾವ ಗ್ರಂಥಾಲಯವೂ ನಿಂತಿರಲಿಲ್ಲ. ಓಲೆಗರಿಯನ್ನು ಗೆದ್ದಲು ತಿನ್ನಲು ಶತಮಾನ ಬೇಕಾಗುತ್ತಿತ್ತು. ಜಾಲತಾಣ ಅಳಿಯಲು ಒಂದು ದಿನ ಸಾಕು.

ಲಾವಣಿಕಾರನು ಕೊನೆಯ ನುಡಿಯಲ್ಲಿ ತನ್ನ ಹೆಸರಿಟ್ಟದ್ದು ಕೀರ್ತಿಯ ಆಸೆಯಿಂದ ಮಾತ್ರವಲ್ಲ, ಆಡಿದ ಮಾತಿಗೆ ತಾನು ಜವಾಬುದಾರ ಎಂದು ಸಭೆಗೆ ತಿಳಿಸಲು. ಆ ಹೆಸರನ್ನು ಉಳಿಸಿ ಮುಂದಿನವರಿಗೆ ಮುಟ್ಟಿಸುವುದು ಜಾನಪದ ಅಧ್ಯಯನದ ಮೊದಲ ಕರ್ತವ್ಯವಾಗಬೇಕು.